ಏಳು ಗಂಟೆಯ ಸಾಲು ಹಿಡಿದು ಭಟ್ಕಳದಿಂದ ಕಾರವಾರಕ್ಕೆ

2025ರ ಏಪ್ರಿಲ್ ಮೊದಲ ವಾರ ಭಾವ ಫೋನ್ ಮಾಡಿದರು. "ಸೂರ್ಯ ನಮ್ಮ ಜಿಲ್ಲೆಗೆ ಬರ್ತಾ ಇದ್ದಾನೆ. 27ಕ್ಕೆ ಭಟ್ಕಳ, 28ಕ್ಕೆ ಹೊನ್ನಾವರ, 29ಕ್ಕೆ ಶಿರಸಿ, 30ಕ್ಕೆ ಕಾರವಾರ. ಅವನ ಹಿಂದೆಯೇ ಹೋಗೋಣ, ಬಾ" ಅಂದರು. ಯಾರೋ ಮಂತ್ರಿಯ ಪ್ರವಾಸದ ಪಟ್ಟಿ ಓದಿದ ಹಾಗಿತ್ತು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಮರ್ಚೆಂಟ್ ನೇವಿಯಲ್ಲಿ 28 ವರ್ಷ ದುಡಿದು, ಈಗ ಹೊನ್ನಾವರದಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಹಡಗು ಬಿಟ್ಟರೂ ಎರಡು ಸಾಮಾನು ಬಿಟ್ಟಿಲ್ಲ. ಒಂದು, ಮರದ ಪೆಟ್ಟಿಗೆಯಲ್ಲಿರುವ ಸೆಕ್ಸ್‌ಟಂಟ್. ಸೂರ್ಯ, ಚಂದ್ರ, ನಕ್ಷತ್ರಗಳ ಎತ್ತರ ಮತ್ತು ನಡುವಿನ ಅಂತರ ಅಳೆಯುವ ಸಾಧನ. ಇನ್ನೊಂದು, ನಾಟಿಕಲ್ ಅಲ್ಮನಾಕ್. ಪ್ರತಿ ವರ್ಷ ಹೊಸದು ಬರುವ ಪುಸ್ತಕ ಅದು. ಕಪಾಟಿನಲ್ಲಿ 2021ರದ್ದೂ ಇತ್ತು. ಇನ್ನೊಂದು ಯಾಕೆ ತರಿಸಿದಿರಿ ಅಂತ ಕೇಳಿದೆ. "ಸೂರ್ಯನಿಗೆ ನಾಲ್ಕು ವರ್ಷ ಹಳೆಯದು ಹೇಗೋ ನಡೀತದೆ. ಚಂದ್ರ ಅಷ್ಟು ಸಾಧು ಅಲ್ಲ. ಅವನಿಗೆ ಈ ವರ್ಷದ್ದೇ ಬೇಕು" ಅಂದರು.

ಮಗಳಿಗೆ ಕಾಲೇಜು ರಜೆ. ಹೆಂಡತಿಯನ್ನು ಶಿರಸಿಯ ನಮ್ಮ ಮನೆಗೆ ಬಿಟ್ಟು, ನಾನೂ ಮಗಳೂ ಶನಿವಾರ ರಾತ್ರಿ ಹೊನ್ನಾವರ ಸೇರಿದೆವು.

ಮೊದಲ ದಿನ, ಏಪ್ರಿಲ್ 27, ಭಾನುವಾರ: ಭಟ್ಕಳ

ಬೆಳಿಗ್ಗೆ ತಿಂಡಿ ತಿನ್ನುತ್ತಾ ಭಾವ ಪುಸ್ತಕ ಬಿಚ್ಚಿದರು. ಒಳಗೆ ಬರೀ ಅಂಕಿ. ಒಂದು ದಿನಕ್ಕೆ 24 ಸಾಲು, ಗಂಟೆಗೊಂದು. ಸೂರ್ಯ, ಚಂದ್ರ, ಶುಕ್ರ, ಮಂಗಳ, ಗುರು, ಶನಿ ಯಾವ ಗಂಟೆಗೆ ಎಲ್ಲಿರುತ್ತಾರೆ ಅಂತ ಮೊದಲೇ ಬರೆದಿಟ್ಟಿದ್ದಾರೆ. ಜೊತೆಗೆ ಹಡಗಿನವರು ಬಳಸುವ 57 ನಕ್ಷತ್ರಗಳ ಲೆಕ್ಕ. ಗಂಟೆ ಗ್ರೀನ್‌ವಿಚ್‌ನದ್ದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿನ ಏಳು ಗಂಟೆಯ ಸಾಲು ನಮಗೆ ಮಧ್ಯಾಹ್ನ ಹನ್ನೆರಡೂವರೆ.

"ಇವತ್ತಿನ ಏಳು ಗಂಟೆಯ ಸಾಲು ನೋಡು" ಅಂತ ಬೆರಳಿಟ್ಟರು. ಸೂರ್ಯನ ಡೆಕ್ಲಿನೇಷನ್ ಉತ್ತರಕ್ಕೆ 13 ಡಿಗ್ರಿ 56 ಮಿನಿಟ್. ಈ ಮಿನಿಟ್ ಗಡಿಯಾರದ್ದಲ್ಲ, ಡಿಗ್ರಿಯ 60ನೇ ಒಂದು ಪಾಲು. ನಮ್ಮ ಪಂಚಾಂಗದವರು ಇದನ್ನೇ ಕಲೆ ಅನ್ನುತ್ತಾರೆ. ಗೊಂದಲ ಬೇಡ ಅಂತ ನಾನೂ ಕಲೆ ಅಂತಲೇ ಬರೆಯುತ್ತೇನೆ. 13 ಡಿಗ್ರಿ 56 ಕಲೆ ಅಂದರೆ, ಆ ಹೊತ್ತಿಗೆ ಸೂರ್ಯ ಭೂಮಿಯ ಯಾವ ಅಕ್ಷಾಂಶದ ನೆತ್ತಿಯ ಮೇಲಿದ್ದಾನೋ ಆ ಅಕ್ಷಾಂಶ. ಭಟ್ಕಳದ್ದು 13 ಡಿಗ್ರಿ 59 ಕಲೆ. ಮೂರೇ ಕಲೆಯ ವ್ಯತ್ಯಾಸ.

ಕರ್ಕಾಟಕ ವೃತ್ತ, ಮಕರ ವೃತ್ತಗಳ ನಡುವೆ ಇರುವ ಎಲ್ಲ ಊರಿಗೂ ವರ್ಷಕ್ಕೆ ಎರಡು ಸಲ ಹೀಗೆ ಸೂರ್ಯ ನೆತ್ತಿಗೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಓದಿರುತ್ತೀರಿ. ನಾನೂ ಓದಿದ್ದೆ. ಆದರೆ ಅದು ಊರಿಂದ ಊರಿಗೆ ನಡೆದುಕೊಂಡು ಹೋಗುತ್ತದೆ ಅಂತ ಹೊಳೆದಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ದಿನಕ್ಕೆ ಸುಮಾರು ಹದಿನೆಂಟೂವರೆ ಕಲೆ ಉತ್ತರಕ್ಕೆ ಸರಿಯುತ್ತಾನೆ. ಒಂದು ಕಲೆ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ದಿನಕ್ಕೆ ಹತ್ತಿರ ಹತ್ತಿರ 34 ಕಿಲೋಮೀಟರ್ ಆಯಿತು. ನಮ್ಮ ಕರಾವಳಿಯ ತಾಲೂಕು ಊರುಗಳೂ ಹೆಚ್ಚುಕಡಿಮೆ ಅಷ್ಟಷ್ಟೇ ದೂರಕ್ಕೆ ಕೂತಿವೆ. ಸೂರ್ಯ ಹಳೇ ಕಾಲದ ಯಾತ್ರಿಕನ ಹಾಗೆ ದಿನಕ್ಕೊಂದು ಊರು ದಾಟುತ್ತಾನೆ.

ಭಟ್ಕಳದಲ್ಲಿ ಮಲ್ಲಿಗೆ ಕೊಂಡು ಬಂದರಿನ ಕಡೆ ಹೋದೆವು. ಬಿಸಿಲು ಅಂದರೆ ಬಿಸಿಲು. ಒಂದು ಮೀಟರಿನ ಪಿವಿಸಿ ಪೈಪು, ಸಾಣಿಕಲ್ಲಿನಷ್ಟು ದಪ್ಪದ ಹಲಗೆ, ಒಂದು ಸ್ಟೀಲ್ ಲೋಟ, ಇಷ್ಟೇ ನಮ್ಮ ಸಲಕರಣೆ. ಹಲಗೆ ಮಟ್ಟ ಇದೆಯಾ ಅಂತ ಮಗಳು ಫೋನಿನಲ್ಲಿ ನೋಡಿದಳು. ನೆಲ ಒಂದು ಡಿಗ್ರಿ ವಾಲಿದರೂ ಮೂರು ಕಲೆಯ ಹೆಮ್ಮೆ ಮುಳುಗಿತು ಅಂತಲೇ.

ಬಲೆ ಸರಿಮಾಡುತ್ತಿದ್ದ ನಾಲ್ಕೈದು ಜನ ಬಂದು ನಿಂತರು. ಒಬ್ಬರು "ಸರ್ವೆಯವ್ರಾ?" ಅಂದರು. ಜಾಗ ಹೋಗುತ್ತದೆ ಅನ್ನುವ ಭಯ ಮುಖದಲ್ಲಿತ್ತು. ಅಲ್ಲ ಮಾರಾಯ್ರೇ, ನೆರಳು ನೋಡ್ಲಿಕ್ಕೆ ಬಂದವರು ಅಂದಾಗ ಪೂರ್ತಿ ನಂಬದಿದ್ದರೂ ಹೋಗಲಿಲ್ಲ. 12 ಗಂಟೆ 29 ನಿಮಿಷಕ್ಕೆ ಪೈಪಿನ ನೆರಳು ಪೈಪಿನ ಬುಡದೊಳಗೇ ಸೇರಿತು. ಮೂರು ಕಲೆಗೆ ಒಂದು ಮೀಟರಿನ ಪೈಪಿಗೆ ನೆರಳು ಒಂದು ಮಿಲಿಮೀಟರೂ ಆಗುವುದಿಲ್ಲ. ಲೋಟ ಕವುಚಿದರೆ ಸುತ್ತ ನೆರಳೇ ಇಲ್ಲ. ಬಲೆಯವರಲ್ಲಿ ಒಬ್ಬರು ತಮ್ಮ ಕಾಲಿನ ಸುತ್ತ ನೋಡಿಕೊಂಡರು. ನಂತರ ಎಲ್ಲರೂ ನೋಡಿಕೊಂಡರು.

ಕೋಲ್ಕತ್ತಾದಲ್ಲೋ ಇಂಗ್ಲೆಂಡಿನಲ್ಲೋ ಕೂತು ವರ್ಷ ಮೊದಲೇ ಅಚ್ಚು ಹಾಕಿದ ಅಂಕಿ ಭಟ್ಕಳದ ಲೋಟಕ್ಕೆ ಸರಿಹೊಂದಿತು. ನನಗೆ ಆ ಕ್ಷಣ ತುಸು ಮೈ ಜುಮ್ಮೆಂದಿದ್ದು ನಿಜ. ಬಿಸಿಲಿಗೂ ಇರಬಹುದು.

ಎರಡನೇ ದಿನ, ಏಪ್ರಿಲ್ 28: ಹೊನ್ನಾವರ

ಇವತ್ತಿನ ಸಾಲು 14 ಡಿಗ್ರಿ 15 ಕಲೆ. ಹೊನ್ನಾವರ 14 ಡಿಗ್ರಿ 17. ಮನೆಯ ಅಂಗಳದಲ್ಲೇ ಲೋಟ ಕವುಚಿದೆವು, ಆಯಿತು. ನೆರಳಿನ ವಿಷಯದಲ್ಲಿ ಬರೆಯಲು ಬೇರೇನಿಲ್ಲ.

ಸಂಜೆ ಕಾಸರಕೋಡಿನ ದಂಡೆಗೆ ಹೋದೆವು. ಹಿಂದಿನ ರಾತ್ರಿ ಒಂದು ಗಂಟೆಗೆ ಅಮಾವಾಸ್ಯೆ ಮುಗಿದಿತ್ತು. ಚಂದ್ರ ಅದೇ ರಾತ್ರಿ ಭೂಮಿಗೆ ಹತ್ತಿರವೂ ಬಂದಿದ್ದ. ಹಾಗಾಗಿ ಉಬ್ಬರ ಜೋರು, ಇಳಿತವೂ ಜೋರು. ಶರಾವತಿ ಅಳಿವೆಯಲ್ಲಿ ದೋಣಿಯವರು ಇಳಿತದ ಹೊತ್ತು ನೋಡಿಕೊಂಡೇ ಹೊರಡುತ್ತಾರೆ. ಬಂದರುಗಳ ಉಬ್ಬರ ಇಳಿತದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಮೊದಲೇ ಲೆಕ್ಕ ಹಾಕಿ ಕೊಡುತ್ತದೆ. ಅದೂ ಸೂರ್ಯ ಚಂದ್ರರ ಲೆಕ್ಕವೇ.

ದಂಡೆಯಲ್ಲಿ ಕೂತು ಮಗಳು ಕೇಳಿದಳು. "ಮಾವ, ಇಷ್ಟೆಲ್ಲ ಅಂಕಿ ಸರಕಾರದವರು ಯಾಕೆ ಲೆಕ್ಕ ಹಾಕ್ಬೇಕು? ಆಕಾಶ ಯಾರ ಸ್ವಂತದ್ದೂ ಅಲ್ವಲ್ಲ?"

ಭಾವನಿಗೆ ಇದೇ ಬೇಕಿತ್ತು.

ಸಮುದ್ರದ ನಡುವೆ ಅಕ್ಷಾಂಶ ಕಂಡುಹಿಡಿಯುವುದು ಸುಲಭ. ಮಧ್ಯಾಹ್ನ ಸೂರ್ಯ ಎಷ್ಟು ಎತ್ತರ ಇದ್ದಾನೆ ಅಂತ ಅಳೆದು, ಆ ದಿನದ ಡೆಕ್ಲಿನೇಷನ್ ಸೇರಿಸಿ ಕಳೆದರೆ ಸಿಕ್ಕಿತು. ಕಷ್ಟ ಇರುವುದು ರೇಖಾಂಶದಲ್ಲಿ. ಪೂರ್ವ ಪಶ್ಚಿಮಕ್ಕೆ ಎಷ್ಟು ಬಂದಿದ್ದೇವೆ ಅಂತ ತಿಳಿಯಬೇಕಾದರೆ, ನಾವಿರುವ ಜಾಗದ ಹೊತ್ತು ಮತ್ತು ಗ್ರೀನ್‌ವಿಚ್‌ನಂಥ ಒಂದು ಗೊತ್ತಾದ ಜಾಗದ ಹೊತ್ತು, ಎರಡೂ ಏಕಕಾಲಕ್ಕೆ ತಿಳಿದಿರಬೇಕು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹೊಯ್ದಾಡುವ ಹಡಗಿನಲ್ಲಿ ಆಗಿನ ಗಡಿಯಾರ ಸರಿ ನಡೆಯುತ್ತಿರಲಿಲ್ಲ. 1707ರಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗು ಸಿಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. 1714ರಲ್ಲಿ ಪಾರ್ಲಿಮೆಂಟು ಬಹುಮಾನ ಇಟ್ಟಿತು. ಒಂದು ಡಿಗ್ರಿಯೊಳಗೆ ಹೇಳಿದರೆ 10,000 ಪೌಂಡ್, ಅರ್ಧ ಡಿಗ್ರಿಯೊಳಗೆ ಹೇಳಿದರೆ 20,000.

ಜಾನ್ ಹ್ಯಾರಿಸನ್ ಅನ್ನುವ ಬಡಗಿ ಗಡಿಯಾರ ಮಾಡಿ ಗೆದ್ದ ಕಥೆ ತುಂಬ ಜನರಿಗೆ ಗೊತ್ತು. ಆ ಕಥೆಯಲ್ಲಿ ನೆವಿಲ್ ಮಾಸ್ಕಲಿನ್ ಅನ್ನುವ ಖಗೋಳಜ್ಞನನ್ನು ಖಳನಾಯಕ ಮಾಡಿಬಿಡುತ್ತಾರೆ. ಅದು ಅನ್ಯಾಯ ಅನ್ನಿಸುತ್ತದೆ ನನಗೆ. ಹ್ಯಾರಿಸನ್ನನ ಗಡಿಯಾರ ಆಗ ಒಂದೆರಡು, ಬೆಲೆಯೋ ವಿಪರೀತ. ಮಾಸ್ಕಲಿನ್ ಕೊಟ್ಟಿದ್ದು ಯಾವ ನಾವಿಕನಾದರೂ ಕೊಳ್ಳಬಹುದಾದ ಪುಸ್ತಕ.

ಅವನ ಯೋಚನೆ ಹೀಗಿತ್ತು. ಆಕಾಶದಲ್ಲೇ ಒಂದು ಗಡಿಯಾರ ಇದೆ. ನಕ್ಷತ್ರಗಳು ಅಂಕಿ, ಚಂದ್ರ ಮುಳ್ಳು. ಚಂದ್ರ ಗಂಟೆಗೆ ಸುಮಾರು ಅರ್ಧ ಡಿಗ್ರಿ, ಅಂದರೆ ತನ್ನ ಬಿಲ್ಲೆಯಷ್ಟು, ನಕ್ಷತ್ರಗಳ ನಡುವೆ ಸರಿಯುತ್ತಾನೆ. ಚಂದ್ರನಿಗೂ ಸೂರ್ಯನಿಗೂ, ಇಲ್ಲವೇ ಒಂದು ನಕ್ಷತ್ರಕ್ಕೂ, ಎಷ್ಟು ಅಂತರ ಅಂತ ಸೆಕ್ಸ್‌ಟಂಟಿನಲ್ಲಿ ಅಳೆ. ಅದೇ ಅಂತರ ಗ್ರೀನ್‌ವಿಚ್‌ನ ಯಾವ ಹೊತ್ತಿಗೆ ಇರುತ್ತದೆ ಅಂತ ಪುಸ್ತಕದಲ್ಲಿ ನೋಡು. ಗ್ರೀನ್‌ವಿಚ್‌ನ ಹೊತ್ತು ಸಿಕ್ಕಿತು. ಚಂದ್ರನ ದಾರಿ ಲೆಕ್ಕ ಹಾಕುವ ಕೋಷ್ಟಕ ಮಾಡಿದ್ದು ಜರ್ಮನಿಯ ಟೋಬಿಯಾಸ್ ಮೇಯರ್. ಅವನು ತೀರಿಕೊಂಡ ಮೇಲೆ ಬ್ರಿಟನ್ ಅವನ ಹೆಂಡತಿಗೆ 3,000 ಪೌಂಡ್ ಕೊಟ್ಟಿತು. ಆ ಕೋಷ್ಟಕ ಹಿಡಿದು ಮಾಸ್ಕಲಿನ್ 1767ರ ಸಾಲಿಗೆ ಮೊದಲ ನಾಟಿಕಲ್ ಅಲ್ಮನಾಕ್ ತಂದ. ಮೂರು ಮೂರು ಗಂಟೆಗೊಮ್ಮೆ ಚಂದ್ರನ ಅಂತರ, ವರ್ಷವಿಡೀ.

"ಫ್ರೆಂಚರು ಇವರಿಗಿಂತ ಮೊದಲು. 1679ರಿಂದಲೇ ಅವರದ್ದು ಇದೆ" ಅಂದರು ಭಾವ. ನಂತರ ಬರ್ಲಿನ್ 1776ಕ್ಕೆ, ಸ್ಪೇನ್ 1792ಕ್ಕೆ, ಅಮೆರಿಕ 1855ಕ್ಕೆ. ಯುದ್ಧ ಬಂದರೆ ಶತ್ರುವಿನ ಪುಸ್ತಕ ಕಾಯುತ್ತಾ ಕೂರಲು ಆಗುತ್ತದಾ? ಹಡಗು ಇರುವ ಪ್ರತಿ ದೇಶಕ್ಕೂ ತನ್ನದೇ ಆಕಾಶದ ಪುಸ್ತಕ ಬೇಕಾಯಿತು.

ನನಗೆ ಹೆಚ್ಚು ಇಷ್ಟವಾದದ್ದು ಲೆಕ್ಕ ಹಾಕಿದವರ ಕಥೆ. ಅವರ ಹುದ್ದೆಯ ಹೆಸರೇ ಕಂಪ್ಯೂಟರ್. ಇಂಗ್ಲೆಂಡಿನ ಬೇರೆ ಬೇರೆ ಊರಲ್ಲಿ ಮನೆಯಲ್ಲೇ ಕೂತು, ಕೂಡಿಸಿ ಕಳೆದು, ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದೇ ತಿಂಗಳ ಲೆಕ್ಕವನ್ನು ಇಬ್ಬರಿಗೆ ಕೊಟ್ಟು, ಮೂರನೆಯವರು ತಾಳೆ ನೋಡುವುದು ಮಾಸ್ಕಲಿನ್ನನ ಪದ್ಧತಿ. ಇಬ್ಬರು ಒಬ್ಬರದ್ದನ್ನೊಬ್ಬರು ನಕಲು ಮಾಡಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. ಪರೀಕ್ಷೆಯ ಕೋಣೆ ನೆನಪಾಗಿ ಮಗಳು ನಕ್ಕಳು. ಲಡ್ಲೋ ಊರಿನ ಮೇರಿ ಎಡ್ವರ್ಡ್ಸ್ ಕೆಲಸ ಮಾಡುತ್ತಿದ್ದದ್ದು ಗಂಡನ ಹೆಸರಿನಲ್ಲಿ. 1784ರಲ್ಲಿ ಗಂಡ ತೀರಿಕೊಂಡ ಮೇಲೆ, ಹೆಚ್ಚಿನ ಲೆಕ್ಕವೆಲ್ಲ ತನ್ನದೇ ಅಂತ ಆಕೆ ತಿಳಿಸಿದಳು. ಕೆಲಸ ಆಕೆಯ ಹೆಸರಿಗೇ ಮುಂದುವರಿಯಿತು. ಆಮೇಲೆ ಮಗಳು ಎಲೈಜಾ ಅದನ್ನೇ ಮಾಡಿದಳು, 1832ರವರೆಗೆ. ಆಗ ಲಂಡನ್‌ನಲ್ಲಿ ಕಚೇರಿ ತೆರೆದು ಎಲ್ಲರೂ ಅಲ್ಲೇ ಬಂದು ಕೂರಬೇಕು ಅಂದರು. ಕಚೇರಿಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ.

"ವರ್ಕ್ ಫ್ರಮ್ ಹೋಮ್ ತೆಗೆದ್ರು ಅನ್ನಿ" ಅಂದಳು ಮಗಳು.

ಎಲ್ಲರ ಕೈಯಲ್ಲೂ ಗ್ರೀನ್‌ವಿಚ್ ಲೆಕ್ಕದ ಪುಸ್ತಕ ಓಡಾಡಿದ್ದರಿಂದ ನಕ್ಷೆಗಳೂ ಗ್ರೀನ್‌ವಿಚ್‌ನಿಂದಲೇ ಎಣಿಸತೊಡಗಿದವು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿ ಅದನ್ನೇ ಸೊನ್ನೆ ಡಿಗ್ರಿ ಅಂತ ಒಪ್ಪಿದಾಗ ಸಮುದ್ರದ ಮೇಲೆ ಅದು ಆಗಲೇ ರೂಢಿಯಾಗಿತ್ತು. ನಮ್ಮ ಹನ್ನೆರಡೂವರೆ ಪುಸ್ತಕದಲ್ಲಿ ಏಳು ಗಂಟೆಯಾಗಿ ಕಾಣುವುದಕ್ಕೆ ಮೂಲ ಇದೇ.

ಮಾತಾಡುತ್ತಾ ಕತ್ತಲಾಯಿತು. ಭಾವ ಪಡುವಣದ ಕಡೆ ಬೈನಾಕ್ಯುಲರ್ ಹಿಡಿದು ಎಳೆ ಚಂದ್ರನನ್ನು ಹುಡುಕಿದರು. 18 ಗಂಟೆಯ ಚಂದ್ರ. ಮಬ್ಬು ಇತ್ತು, ಸಿಗಲಿಲ್ಲ.

ಮೂರನೇ ದಿನ, ಏಪ್ರಿಲ್ 29: ಶಿರಸಿ

ಘಟ್ಟ ಹತ್ತಿ ಶಿರಸಿ ಹತ್ತಿರದ ನಮ್ಮ ಮನೆಗೆ ಬರುವಾಗ ಹತ್ತೂವರೆ. ಸಾಲು 14 ಡಿಗ್ರಿ 34 ಕಲೆ, ಶಿರಸಿ 14 ಡಿಗ್ರಿ 37. ಎಲ್ಲ ಸರಿ. ಆದರೆ ಹನ್ನೊಂದೂವರೆಗೆ ಮೋಡ ಕವಿಯಿತು. ಅಡಿಕೆ ಒಣಗಿಸುವ ಅಂಗಳದಲ್ಲಿ ಲೋಟ, ಪೈಪು ಇಟ್ಟುಕೊಂಡು ಮೂವರೂ ಮೇಲೆ ನೋಡುತ್ತಾ ನಿಂತೆವು. 12:28 ಬಂತು, ಹೋಯಿತು. ನೆರಳು ಇರಲಿಲ್ಲ ನಿಜ. ಬಿಸಿಲೂ ಇರಲಿಲ್ಲ.

ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ, ಜಗಲಿಯಲ್ಲಿ ಕವಳ ಹಾಕುತ್ತಾ ಎಲ್ಲವನ್ನೂ ನೋಡುತ್ತಿದ್ದರು. 80 ದಾಟಿದ ವಯಸ್ಸು, ಪೌರೋಹಿತ್ಯ ಬಿಟ್ಟು ಹತ್ತು ವರ್ಷವಾಯಿತು. "ಮೋಡ ಬಂದ್ರೆ ಕ್ರಾಂತಿ ಎಲ್ಲಿಗೂ ಹೋಗ್ತಿಲ್ಲೆ ಮಾಣಿ. ಆಸರಿಗೆ ಕುಡಿ ಮೊದ್ಲು" ಅಂದರು. ಮುರುಗಲು ಹಣ್ಣಿನ ಪಾನಕ ಬಂತು.

ಭಾವ ಎರಡು ದಿನದಿಂದ ಡೆಕ್ಲಿನೇಷನ್ ಅನ್ನುತ್ತಿದ್ದದ್ದು ಅಪ್ಪಚ್ಚಿಯ ಕ್ರಾಂತಿ. ಅಪ್ಪಚ್ಚಿಗೆ ಪುಸ್ತಕ ತೋರಿಸಿದೆವು. ಇಂಗ್ಲಿಷ್ ಓದು ಅವರಿಗೆ ಕಷ್ಟ, ಅಂಕಿ ಕಷ್ಟವಲ್ಲ. ಐದೇ ನಿಮಿಷದಲ್ಲಿ ಯಾವ ಕಂಬದಲ್ಲಿ ಏನಿದೆ ಅಂತ ಅವರೇ ಹೇಳತೊಡಗಿದರು. ನಂತರ ಎದ್ದು ಮೊಳೆಗೆ ನೇತುಹಾಕಿದ್ದ ಬಗ್ಗೋಣ ಪಂಚಾಂಗ ತಂದರು. ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಕಪಾಟಿನಿಂದ ಇನ್ನೊಂದು ತೆಳ್ಳಗಿನ ಪುಸ್ತಕ ಹೊರಬಂತು, ಕೇಂದ್ರ ಸರಕಾರದ ರಾಷ್ಟ್ರೀಯ ಪಂಚಾಂಗ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಊಟಕ್ಕೆ ಅಪ್ಪೆಹುಳಿ. ಊಟದ ಮೇಲೆ ಅಪ್ಪಚ್ಚಿಯ ಪಾಠ.

ಮರುದಿನ ಅಕ್ಷಯ ತದಿಗೆ. ಈ ಸಲದ ತದಿಗೆ 29ರ ಸಂಜೆ ಐದೂವರೆಗೆ ಶುರುವಾಗಿ 30ರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷದ ಹೊತ್ತಿಗೆ ಮುಗಿಯುತ್ತದೆ. ಒಟ್ಟು 20 ಗಂಟೆ 40 ನಿಮಿಷ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರ ಭೂಮಿಗೆ ಹತ್ತಿರ ಬಂದಾಗ ಜೋರಾಗಿ ಓಡುತ್ತಾನೆ, ತಿಥಿ ಬೇಗ ಮುಗಿಯುತ್ತದೆ. ಮೊನ್ನೆಯಷ್ಟೇ ಹತ್ತಿರ ಬಂದಿದ್ದನಲ್ಲ.

"ಬಾಣವೃದ್ಧಿ ರಸಕ್ಷಯ ಅಂತ ನಾವು ಕಲ್ತಿದ್ದು" ಅಂದರು ಅಪ್ಪಚ್ಚಿ. ಬಾಣ ಅಂದರೆ ಐದು, ರಸ ಅಂದರೆ ಆರು. ಲೆಕ್ಕಕ್ಕೆ ತಿಥಿಗೆ 60 ಘಳಿಗೆ, ಒಂದು ಘಳಿಗೆ ಅಂದರೆ 24 ನಿಮಿಷ. ಹೆಚ್ಚಾದರೆ ಐದು ಘಳಿಗೆ ಹೆಚ್ಚು, ಕಡಿಮೆಯಾದರೆ ಆರು ಘಳಿಗೆ ಕಡಿಮೆ. ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ತಿಥಿ 54 ಘಳಿಗೆಗಿಂತ, ಅಂದರೆ 21 ಗಂಟೆ 36 ನಿಮಿಷಕ್ಕಿಂತ, ಕಿರಿದಾಗುವಂತಿಲ್ಲ. ಆಕಾಶದಲ್ಲಿ ಕಾಣುವ ಚಂದ್ರನ ಲೆಕ್ಕ, ಅಂದರೆ ದೃಗ್ಗಣಿತ, ಮಾಡಿದರೆ ಈ ಸಲದ್ದು ಅದಕ್ಕಿಂತಲೂ ಒಂದು ಗಂಟೆ ಗಿಡ್ಡ. ಹೀಗಾಗಿಯೇ ಒಂದು ಪಂಚಾಂಗದಲ್ಲಿ ಏಕಾದಶಿ ಇವತ್ತಾದರೆ ಇನ್ನೊಂದರಲ್ಲಿ ನಾಳೆ. ಒಂದೇ ಕೇರಿಯಲ್ಲಿ ಅಣ್ಣನ ಮನೆಯಲ್ಲಿ ಉಪವಾಸ, ತಮ್ಮನ ಮನೆಯಲ್ಲಿ ಪಾಯಸ. ಈ ಜಗಳಕ್ಕೆ ಮದುವೆಯ ಮುಹೂರ್ತ ಮುಂದೆ ಹೋದದ್ದನ್ನು ಅಪ್ಪಚ್ಚಿ ಕಂಡಿದ್ದಾರೆ.

ಸ್ವತಂತ್ರ ಭಾರತಕ್ಕೆ ಈ ತಲೆನೋವು ದೊಡ್ಡದಾಗಿಯೇ ಬಂತು. ದೇಶದಲ್ಲಿ ಆಗ ಸುಮಾರು 30 ಬಗೆಯ ಪಂಚಾಂಗ. ಸರಕಾರಿ ರಜೆ ಯಾವತ್ತು ಕೊಡಬೇಕು? 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಆಯಿತು. ಸಹಾ ಜ್ಯೋತಿಷಿಯಲ್ಲ, ನಕ್ಷತ್ರಗಳ ಬೆಳಕು ಓದಿದ ಭೌತವಿಜ್ಞಾನಿ. ಕಾರ್ಯದರ್ಶಿಯಾಗಿದ್ದ ನಿರ್ಮಲ ಚಂದ್ರ ಲಾಹಿರಿ ಪಂಚಾಂಗದ ಲೆಕ್ಕದಲ್ಲಿ ಪಳಗಿದವರು. 1955ರಲ್ಲಿ ವರದಿ ಬಂತು. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ಉದ್ದ. 1,400 ವರ್ಷ ಅದು ಕೂಡುತ್ತಾ ಬಂದು 23 ದಿನ ಆಗಿದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ಕೊಡುವುದು ಜನವರಿ 14-15ಕ್ಕೆ.

ಸಮಿತಿ ಹೇಳಿದ ಹಾಗೆ 1957ರ ಮಾರ್ಚ್ 22ರಿಂದ, ಅಂದರೆ ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. 1958ರಿಂದ ನಮ್ಮದೇ ಖಗೋಳ ಮತ್ತು ನೌಕಾ ಪಂಚಾಂಗ ಅಚ್ಚಾಗತೊಡಗಿತು. ಈಗ ಆ ಕೆಲಸ ಕೋಲ್ಕತ್ತಾದ ಪೊಸಿಷನಲ್ ಆಸ್ಟ್ರಾನಮಿ ಸೆಂಟರಿನದ್ದು. 1979ರಲ್ಲಿ ಶುರುವಾದ, ಹವಾಮಾನ ಇಲಾಖೆಯ ಕೆಳಗಿನ ಸಣ್ಣ ಸಂಸ್ಥೆ ಅದು. ಒಂದು ಕಡೆ ದೂರದರ್ಶಕದವರಿಗೆ ಬೇಕಾದ ಗ್ರಹಗತಿ, ಇನ್ನೊಂದು ಕಡೆ ಅಪ್ಪಚ್ಚಿಯಂಥವರಿಗೆ ತಿಥಿ, ನಕ್ಷತ್ರ, ಎರಡನ್ನೂ ಅದೇ ಕೊಡುತ್ತದೆ. ಬ್ರಿಟನ್ನಿನ ಅಲ್ಮನಾಕ್ ಹುಟ್ಟಿದ್ದು ಹಡಗಿಗಾಗಿ. ನಮ್ಮದರಲ್ಲಿ ಹಡಗಿನ ಜೊತೆ ಹಬ್ಬವೂ ಇದೆ. ಇದು ನನಗೆ ಹಿಡಿಸಿತು.

ಆದರೆ ರಾಷ್ಟ್ರೀಯ ಕ್ಯಾಲೆಂಡರ್ ಜನರ ಬಾಯಿಗೆ ಬರಲಿಲ್ಲ ಅನ್ನುವುದೂ ನಿಜ. ಏಪ್ರಿಲ್ 30 ಅದರಲ್ಲಿ ವೈಶಾಖ 10. ಅಪ್ಪಚ್ಚಿಗೆ ಅದು ವೈಶಾಖ ಶುದ್ಧ ತದಿಗೆ. "ಅದು ಸರಕಾರದ ವೈಶಾಖ, ಇದು ನಮ್ಮದು" ಅಂದು ಅವರು ಎರಡೂ ಪುಸ್ತಕವನ್ನು ಒಂದರ ಮೇಲೊಂದು ಇಟ್ಟರು. ಆದರೂ ಗ್ರಹಣ ಬಂದಾಗ ಮಾತ್ರ ಸರಕಾರದ್ದನ್ನೇ ನೋಡುತ್ತಾರಂತೆ. ಯಾಕೆ ಅಂತ ಕೇಳಿದರೆ ನಕ್ಕು, ಕವಳ ಉಗಿಯಲು ಎದ್ದು ಹೋದರು.

ಸಂಜೆ ಮೋಡ ಹರಿದು, ಅಡಿಕೆ ಮರಗಳ ಸಂದಿಯಲ್ಲಿ ತೆಳ್ಳಗಿನ ಚಂದ್ರ ಕಂಡ.

ನಾಲ್ಕನೇ ದಿನ, ಏಪ್ರಿಲ್ 30: ಕಾರವಾರ

ಏಳಕ್ಕೆ ಹೊರಟು ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ದಾರಿಯಲ್ಲಿ ಬಂದೆವು. ಅಂಕೋಲೆಯ ಹತ್ತಿರ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ, ಅದು ನನ್ನದೇ ತಪ್ಪು. ಭಾವ ಒಂದೂ ಮಾತಾಡದೆ ಗಡಿಯಾರ ನೋಡುತ್ತಾ ನಿಂತಿದ್ದರು. ಬೈದಿದ್ದರೇ ವಾಸಿಯಿತ್ತು. ಅಂತೂ 12:10ಕ್ಕೆ ಕಾರವಾರದ ಟಾಗೋರ್ ಕಡಲತೀರಕ್ಕೆ ಬಂದಿಳಿದೆವು.

ಇವತ್ತಿನ ಸಾಲು 14 ಡಿಗ್ರಿ 52 ಕಲೆ, ಕಾರವಾರ 14 ಡಿಗ್ರಿ 49. ಪುಸ್ತಕದ ಪಕ್ಕದ ಕಂಬದಲ್ಲಿ ರೇಖಾಂಶವೂ ಸಿಗುತ್ತದೆ. ಅದನ್ನು ಬಿಡಿಸಿದರೆ ಸರಿಯಾಗಿ ಹನ್ನೆರಡೂವರೆಗೆ ಸೂರ್ಯ ಪೂರ್ವ 74 ಡಿಗ್ರಿ 19 ಕಲೆಯ ಮೇಲೆ. ಅಂದರೆ ಕದ್ರಾ ಆಸುಪಾಸಿನ ಕಾಡಿನ ನೆತ್ತಿಯಲ್ಲಿ. ಅಲ್ಲಿಂದ ಪಡುವಣಕ್ಕೆ ನಿಮಿಷಕ್ಕೆ 27 ಕಿಲೋಮೀಟರ್ ವೇಗದಲ್ಲಿ ಓಡಿ ಬರುತ್ತಾನೆ. 12 ಗಂಟೆ 30 ನಿಮಿಷ 44 ಸೆಕೆಂಡಿಗೆ ಕಾರವಾರ. ಕದ್ರಾದಿಂದ ಇಲ್ಲಿಗೆ ಬಸ್ಸಿಗೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತೇ ಇದೆ.

ಆಕಾಶ ಶುಭ್ರವಾಗಿತ್ತು. ಮಗಳು ಫೋನಿನಲ್ಲಿ ಸೆಕೆಂಡು ಎಣಿಸಿದಳು. ಲೋಟದ ನೆರಳು ಲೋಟದ ಅಡಿಗೇ ಹೋಯಿತು. ಬಸವ ಜಯಂತಿಯ ರಜೆ, ತೀರದಲ್ಲಿ ಮಕ್ಕಳು ಇದ್ದರು. ಅವರನ್ನು ಕರೆದು ನಿಲ್ಲಿಸಿದೆವು. ಜಿಗಿದರೆ ಮಾತ್ರ ನೆರಳು ಕಾಲು ಬಿಟ್ಟು ಕಾಣುತ್ತದೆ ಅಂತ ಒಬ್ಬ ಕಂಡುಹಿಡಿದ. ಆಮೇಲೆ ಎಲ್ಲರೂ ಜಿಗಿದದ್ದೇ.

ನಿಜವಾದ ಪರೀಕ್ಷೆ ಸಂಜೆಗೆ ಇತ್ತು. ಮಾಸ್ಕಲಿನ್ನನ ಹಾಗೆ ಚಂದ್ರನಿಂದ ರೇಖಾಂಶ ಕಂಡುಹಿಡಿಯಬೇಕು ಅನ್ನುವುದು ಭಾವನ ಹಟ. 28 ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲವಂತೆ. ಅಗ್ಗದ ಗಡಿಯಾರ ಬಂದ ಮೇಲೆ 1907ರಿಂದ ನಾಟಿಕಲ್ ಅಲ್ಮನಾಕ್ ಚಂದ್ರನ ಅಂತರದ ಕೋಷ್ಟಕವನ್ನೇ ಬಿಟ್ಟಿದೆ. ಈಗ ಸೂರ್ಯ ಚಂದ್ರರ ಸ್ಥಾನದಿಂದ ಅಂತರವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಹಡಗಿನಲ್ಲಿ ಜಿಪಿಎಸ್ ಬಂದ ಮೇಲೆ ಸೆಕ್ಸ್‌ಟಂಟ್ ಪೆಟ್ಟಿಗೆ ಸೇರಿತು. ಅಮೆರಿಕದ ನೌಕಾ ಅಕಾಡೆಮಿ ಈ ಪಾಠವನ್ನು ಒಮ್ಮೆ ನಿಲ್ಲಿಸಿ, ಜಿಪಿಎಸ್ಸನ್ನು ಯಾರಾದರೂ ಕೆಡಿಸಿದರೆ ಗತಿಯೇನು ಅಂತ 2015ರಲ್ಲಿ ಮತ್ತೆ ಶುರುಮಾಡಿತು. ಭಾವ ಇದನ್ನು ಹೇಳುವಾಗ ಮುಖದಲ್ಲಿ ಗೆದ್ದ ಕಳೆ.

ಐದೂವರೆಗೆ ಸೂರ್ಯ ಸಮುದ್ರದ ಮೇಲೆ, ಚಂದ್ರ ಇನ್ನೂ ಮೇಲೆ ಬಿಳಿ ಉಗುರಿನ ಹಾಗೆ. ನಡುವಿನ ಅಂತರ 38 ಡಿಗ್ರಿಯ ಸುಮಾರು. ಭಾವ ಸೆಕ್ಸ್‌ಟಂಟಿಗೆ ಕಪ್ಪು ಗಾಜು ಹಾಕಿ, ಸೂರ್ಯನ ಬಿಂಬವನ್ನು ಎಳೆದು ತಂದು ಚಂದ್ರನ ಅಂಚಿಗೆ ಮುಟ್ಟಿಸುವುದು. ಮುಟ್ಟಿದ ತಕ್ಷಣ "ಹಾಂ!" ಅನ್ನುವುದು. ನಾನು ಅಂಕಿ ಬರೆಯುವುದು, ಮಗಳು ಹೊತ್ತು ಬರೆಯುವುದು. ಹನ್ನೊಂದು ಸಲ ಅಳೆದೆವು. ಕೊನೆಗೆ ಭಾವನ ಕೈ ನಡುಗುತ್ತಿತ್ತು. ಮೂರು ಸಲದ ಲೆಕ್ಕವನ್ನು ಅವರೇ ಹೊಡೆದುಹಾಕಿದರು. ನಡುವೆ ಎರಡರ ಎತ್ತರವನ್ನೂ ಬೇರೆ ಬೇರೆ ಅಳೆಯಬೇಕು. ಹಿಂದೆ ಹಡಗಿನಲ್ಲಿ ಇದಕ್ಕೆ ನಾಲ್ಕು ಜನ ನಿಲ್ಲುತ್ತಿದ್ದರಂತೆ.

ಹೊತ್ತು ಮುಳುಗಿದ್ದು 6:50ಕ್ಕೆ. ಚಂದ್ರನ ಪಕ್ಕದಲ್ಲಿ ಗುರು ಹೊಳೆಯತೊಡಗಿದ. ದೇವಗಡ ದ್ವೀಪದ ದೀಪ ಮಿನುಗಿತು. ತೀರದ ಹೋಟೆಲೊಂದರಲ್ಲಿ ಚಹಾ ಹೇಳಿ ಭಾವ ಲೆಕ್ಕಕ್ಕೆ ಕೂತರು. ಗಾಳಿಯಲ್ಲಿ ಬೆಳಕು ಬಾಗುವುದನ್ನು ಕಳೆಯಬೇಕು. ಚಂದ್ರ ಹತ್ತಿರ ಇರುವುದರಿಂದ ಕಾರವಾರದಿಂದ ಒಂದು ಕಡೆ, ಭೂಮಿಯ ನಡುವಿನಿಂದ ಇನ್ನೊಂದು ಕಡೆ ಕಾಣುತ್ತಾನೆ, ಅದನ್ನೂ ಸರಿಪಡಿಸಬೇಕು. ಎರಡು ಗಂಟೆ, ನಾಲ್ಕು ಚಹಾ. ಹೋಟೆಲಿನವರು ಎರಡು ಸಲ ಬಂದು ಟೇಬಲ್ ಒರೆಸಿದರು.

ಕೊನೆಗೆ ಉತ್ತರ ಬಂತು. ಪೂರ್ವ ರೇಖಾಂಶ 75 ಡಿಗ್ರಿ 2 ಕಲೆ. ಕಾರವಾರದ್ದು 74 ಡಿಗ್ರಿ 8. ಚಂದ್ರನ ಅಂತರವನ್ನು ಎರಡೇ ಎರಡು ಕಲೆ ಕಡಿಮೆ ಓದಿದ್ದರು. ಅಷ್ಟಕ್ಕೇ ಗ್ರೀನ್‌ವಿಚ್‌ನ ಹೊತ್ತು ಮೂರೂವರೆ ನಿಮಿಷ ಹಿಂದೆ ಬಿದ್ದಿತ್ತು. ಸುಮಾರು 97 ಕಿಲೋಮೀಟರ್ ವ್ಯತ್ಯಾಸ. ಮಗಳು ಮ್ಯಾಪಿನಲ್ಲಿ ಚುಕ್ಕೆ ಇಟ್ಟು ನೋಡಿ ಬಿದ್ದು ಬಿದ್ದು ನಕ್ಕಳು. ಭಾವ ಮಾತ್ರ ಗಂಭೀರ. "ಒಂದು ಡಿಗ್ರಿಯ ಒಳಗೇ ಇದೆ. ಆ ಕಾಲದಲ್ಲಾಗಿದ್ರೆ ಹತ್ತು ಸಾವಿರ ಪೌಂಡ್ ನಂದೇ" ಅಂದರು.

ಅಷ್ಟರಲ್ಲಿ ಶಿರಸಿಯಿಂದ ಹೆಂಡತಿಯ ಫೋನ್. ಅಪ್ಪಚ್ಚಿ ಕೇಳುತ್ತಿದ್ದಾರಂತೆ, ಎಲ್ಲಿಯವರೆಗೆ ಬಂತು ನಿಮ್ಮ ಸವಾರಿ ಅಂತ.

ಭಾವ ಫೋನ್ ಕಸಿದುಕೊಂಡು ಹೇಳಿದರು: "ಮುಂಡಗೋಡದಲ್ಲಿ ಚಹಾ ಕುಡೀತಾ ಇದ್ದೇವೆ. ಎದುರಿಗೇ ಸಮುದ್ರ."